ಪೆನ್ನು ನೋಡಿ ಟ್ಯಾಬ್ಲೆಟ್ ಕೊಂಡೆ

2024ರ ಕಕ್ಕಡ ಮಾಸದಲ್ಲಿ, ಎಂದರೆ ಜುಲೈ–ಆಗಸ್ಟ್ ನಡುವಿನ ನಮ್ಮ ಜಡಿಮಳೆಯ ತಿಂಗಳಲ್ಲಿ, ನನ್ನ ಆರು ನೋಟ್‌ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಬೀರುವಿನ ಮೇಲಿನ ಖಾನೆಯಲ್ಲಿ, ಪ್ಲಾಸ್ಟಿಕ್ ಚೀಲಕ್ಕೆ ಗಂಟು ಹಾಕಿಯೇ ಇಟ್ಟಿದ್ದೆ. ಕೊಡಗಿನ ನಾಪೋಕ್ಲು ಕಡೆಯ ಮಳೆಗಾಲದಲ್ಲಿ ತೇವಕ್ಕೆ ಗಂಟು ಅಡ್ಡಿಯಲ್ಲ. ತೆಗೆದು ನೋಡಿದಾಗ ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಇಳಿದು ಎರಡೂ ಪುಟಗಳ ಬರಹ ಕಲಸಿಹೋಗಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಎರಡು ಪುಸ್ತಕ ಉಳಿದವು, ನಾಲ್ಕು ಹೋದವು. ಹೋದವುಗಳಲ್ಲಿ ಛಂದಸ್ಸಿನ ಟಿಪ್ಪಣಿ ಇತ್ತು. ಆ ದಿನ ನನಗೆ ಅಳು ಬಂದಿತ್ತು.

ನನಗೆ ನಲವತ್ತೊಂದು ವರ್ಷ. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ, ದೂರ ಶಿಕ್ಷಣದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಓದಲು ಸಿಗುವುದು ಬೆಳಗಿನ ಐದರಿಂದ ಆರೂವರೆ, ರಾತ್ರಿ ಊಟದ ನಂತರ ಒಂದು ತಾಸು, ಮತ್ತೆ ಮಳೆಗೆ ಶಾಲೆಗೆ ರಜೆ ಘೋಷಿಸಿದ ದಿನಗಳು. ಇಷ್ಟು ಕಡಿಮೆ ಸಮಯದಲ್ಲಿ ಬರೆದ ಟಿಪ್ಪಣಿಯನ್ನು ಮತ್ತೊಮ್ಮೆ ಕಳೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಹಾಗಾಗಿ ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ ಕೊಳ್ಳಬೇಕೆಂದು ನಿರ್ಧರಿಸಿದೆ. ಅದಕ್ಕೆ ಎಂಟು ತಿಂಗಳು ಹಿಡಿಯಿತು, ನಡುವೆ ಒಂದು ತಪ್ಪೂ ಆಯಿತು. ನಮ್ಮ ಕಡೆಯವರು ಯಾರಾದರೂ ಇಂಥದ್ದನ್ನು ಕೊಳ್ಳುವ ಯೋಚನೆಯಲ್ಲಿದ್ದರೆ ನೆರವಾಗಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ಟೈಪ್ ಮಾಡಿ ಇಟ್ಟುಕೊಳ್ಳಬಹುದಲ್ಲ ಎಂದು ಮಗಳು ಕೇಳಿದಳು. ಗದ್ಯವಾದರೆ ಮಾಡಬಹುದು. ಕಂದಪದ್ಯಕ್ಕೆ ಪ್ರಸ್ತಾರ ಹಾಕಬೇಕಾದರೆ ಅಕ್ಷರದ ನೆತ್ತಿಯ ಮೇಲೆ ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೆರೆ ಬರೆಯಬೇಕು. ನಾಲ್ಕು ನಾಲ್ಕು ಮಾತ್ರೆಗೆ ಒಂದೊಂದು ಗಣವೆಂದು ಗೆರೆ ಎಳೆಯಬೇಕು. ಮೊದಲ ಸಾಲಿನಲ್ಲಿ ಹನ್ನೆರಡು ಮಾತ್ರೆ, ಎರಡನೆಯದರಲ್ಲಿ ಇಪ್ಪತ್ತು ಬಂತೇ ಎಂದು ಎಣಿಸಬೇಕು. ತಪ್ಪಿದರೆ ಗೆರೆ ಅಳಿಸಿ ಮತ್ತೆ ಎಳೆಯಬೇಕು. ಕೀಲಿಮಣೆಯಲ್ಲಿ ಇದು ಆಗುವ ಕೆಲಸವಲ್ಲ. ಅಲ್ಲದೆ ನಮ್ಮ ಪರೀಕ್ಷೆ ಇವತ್ತಿಗೂ ಮೂರು ತಾಸು ಕೈಯಲ್ಲಿ ಬರೆಯುವ ಪರೀಕ್ಷೆ. ಬರೆದು ಓದಿದವರ ಕೈ ಮಾತ್ರ ಕೊನೆಯ ಅರ್ಧ ತಾಸಿನಲ್ಲಿ ಸೋಲದೆ ಓಡುತ್ತದೆ.

ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಮನೆಯಲ್ಲಿ ಮಗಳ ಹಳೆಯ ಟ್ಯಾಬ್ಲೆಟ್ ಇತ್ತು. ಎಲ್ಲಾ ಟ್ಯಾಬ್ಲೆಟ್‌ಗೂ ಆಗುತ್ತದೆ ಎಂಬ ಜಾಹೀರಾತು ನಂಬಿ ಆನ್‌ಲೈನಿನಲ್ಲಿ 1,299 ರೂಪಾಯಿಯ ಒಂದು ಪೆನ್ ತರಿಸಿದೆ. ಬರೆಯಿತು, ನಿಜ. ಆದರೆ ಅಂಗೈ ಪರದೆಗೆ ತಾಗಿದ ಕೂಡಲೇ ಅಲ್ಲೊಂದು ಚುಕ್ಕಿ, ಇಲ್ಲೊಂದು ಗೀಟು. ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಬರೆದರೆ ಐದು ನಿಮಿಷಕ್ಕೆ ಭುಜ ನೋಯುತ್ತಿತ್ತು. ‘ಸ್ವಾತಂತ್ರ್ಯ’ ಎಂದು ಬರೆದರೆ ತಕಾರದ ಕೆಳಗಿನ ಒತ್ತುಗಳು ಕಲಸಿ ಒಂದು ಮುದ್ದೆಯಾಗುತ್ತಿದ್ದವು. ಮೂರನೆಯ ವಾರದಲ್ಲಿ, ಎರಡು ದಿನ ಕರೆಂಟಿಲ್ಲದೆ ಹೋದ ಮೇಲೆ, ಆ ಪೆನ್ ಮತ್ತೆ ಚಾರ್ಜ್ ಆಗಲೇ ಇಲ್ಲ. ಹಿಂದಿರುಗಿಸುವ ಅವಧಿಯೂ ಮುಗಿದಿತ್ತು.

ಆ 1,299 ರೂಪಾಯಿಗೆ ನಾನು ಕಲಿತದ್ದು ಒಂದೇ: ಟ್ಯಾಬ್ಲೆಟ್ ಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ಅದರ ಪೆನ್ ಯಾವ ಜಾತಿಯದು ಎಂಬುದನ್ನು. ಅಂಗಡಿಯವರು ಮೆಮೊರಿ, ಕ್ಯಾಮೆರಾ, ಪ್ರೊಸೆಸರ್ ಎಂದು ಶುರುಮಾಡುತ್ತಾರೆ. ಓದುವವರಿಗೆ ಅವೆಲ್ಲ ಆಮೇಲಿನ ಮಾತು.

ನನಗೆ ತಿಳಿದ ಮಟ್ಟಿಗೆ ಪೆನ್‌ಗಳಲ್ಲಿ ಮೂರು ಬಗೆ. ಮೊದಲನೆಯದು ಬೆರಳಿನ ಬದಲಿಗೆ ಬರುವ ರಬ್ಬರ್ ತುದಿಯ ಅಥವಾ ತಟ್ಟೆ ತುದಿಯ ಪೆನ್. ಪರದೆಗೆ ಅದು ಪೆನ್ನೆಂದು ಗೊತ್ತೇ ಆಗುವುದಿಲ್ಲ, ಬೆರಳೆಂದೇ ತಿಳಿಯುತ್ತದೆ. ಅಂಗೈಗೂ ಅದಕ್ಕೂ ವ್ಯತ್ಯಾಸ ಮಾಡುವುದಿಲ್ಲ. ನಾನು ತರಿಸಿದ ಪೆನ್ನಿನಲ್ಲಿ ಬ್ಯಾಟರಿ ಇದ್ದರೂ ಪರದೆಗೆ ಅದೂ ಬೆರಳೇ, ಹಾಗಾಗಿ ಅದೂ ಈ ಜಾತಿಯದೇ. ಟಿಪ್ಪಣಿಗೆ ಇದು ಬೇಡವೇ ಬೇಡ. ಎರಡನೆಯದು ಒಳಗೆ ಬ್ಯಾಟರಿ ಇರುವ, ಆಯಾ ಕಂಪನಿಯ ಟ್ಯಾಬ್ಲೆಟ್‌ಗೆಂದೇ ಮಾಡಿದ ಪೆನ್. ಆಪಲ್, ಒನ್‌ಪ್ಲಸ್, ಶಿಯೋಮಿ ಇವರದೆಲ್ಲ ಈ ಬಗೆ. ಬರವಣಿಗೆ ಚೆನ್ನಾಗಿರುತ್ತದೆ, ಆದರೆ ಅದನ್ನೂ ಚಾರ್ಜ್ ಮಾಡುತ್ತಿರಬೇಕು, ಸಾಮಾನ್ಯವಾಗಿ ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು.

ಮೂರನೆಯದರ ಬಗ್ಗೆ ಓದಿದಾಗ ನನಗೆ ನಿಜವಾಗಿ ಬೆರಗಾಯಿತು. ಜಪಾನಿನ ವಾಕಮ್ ಕಂಪನಿ ಚಿತ್ರಕಾರರ ಫಲಕಗಳಿಗಾಗಿ ಬೆಳೆಸಿದ ವಿಧಾನ ಅದು. ಪರದೆಯ ಗಾಜಿನ ಕೆಳಗೆ ತಂತಿಗಳ ಜಾಲವಿರುವ ಒಂದು ತೆಳು ಹಲಗೆ ಇರುತ್ತದೆ. ಅದರಿಂದ ಸಣ್ಣದೊಂದು ವಿದ್ಯುತ್ಕಾಂತ ಕ್ಷೇತ್ರ ಹೊಮ್ಮುತ್ತದೆ. ಪೆನ್ನಿನೊಳಗೆ ಬ್ಯಾಟರಿ ಇಲ್ಲ, ಒಂದು ತಂತಿಯ ಸುರುಳಿ ಇದೆ. ಪೆನ್ ಹತ್ತಿರ ಬಂದಾಗ ಸುರುಳಿ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ಮರುದನಿ ಕೊಡುತ್ತದೆ. ಪೆನ್ ಎಲ್ಲಿದೆ, ಎಷ್ಟು ಒತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ. ಎಂದರೆ ಈ ಪೆನ್ನಿಗೆ ಚಾರ್ಜ್ ಎಂಬುದೇ ಇಲ್ಲ. ಆರು ತಿಂಗಳು ಮೇಜಿನ ಖಾನೆಯಲ್ಲಿಟ್ಟು ತೆಗೆದರೂ ಬರೆಯುತ್ತದೆ. ಸ್ಯಾಮ್‌ಸಂಗ್‌ನ ಎಸ್ ಪೆನ್ ಈ ವಿಧಾನದ್ದು. ಮರ ಬಿದ್ದು ತಂತಿ ಕಡಿದರೆ ಮೂರು ನಾಲ್ಕು ದಿನ ಕತ್ತಲೆಯಲ್ಲಿರುವ ನಮ್ಮಂಥ ಊರಿನವರಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಬೇಕಿಲ್ಲ ಎನ್ನಿಸಿತು.

2025ರ ಮೇ ಮೊದಲ ವಾರ, ಬೇಸಿಗೆ ರಜೆಯಲ್ಲಿ, ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋದೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಮಡಿಕೇರಿಯಲ್ಲೂ ವಿಚಾರಿಸಿದ್ದೆ, ಆದರೆ ಬರೆದು ನೋಡಲು ತೆರೆದಿಟ್ಟ ಟ್ಯಾಬ್ಲೆಟ್ ಸಿಕ್ಕಿರಲಿಲ್ಲ. ಬರೆದು ನೋಡದೆ ಕೊಳ್ಳಬಾರದೆಂದು ಅಷ್ಟು ಹೊತ್ತಿಗೆ ಹಟ ಹಿಡಿದಿದ್ದೆ. ಮೊದಲ ಅಂಗಡಿಯಲ್ಲಿ ಪೆನ್ ಇರಲಿಲ್ಲ. ಎರಡನೆಯದರಲ್ಲಿ ಹುಡುಗ ತಾನೇ ಒಂದು ಹೂವಿನ ಚಿತ್ರ ಬರೆದು ತೋರಿಸಿ ವಾಪಸು ಇಟ್ಟುಬಿಟ್ಟ. “ನಾನು ಒಂದು ಪುಟ ಬರೆಯಬೇಕಪ್ಪಾ” ಎಂದೆ. “ಒಂದು ಪುಟವಾ ಮೇಡಂ?” ಎಂದು ಹಿಂದುಮುಂದು ನೋಡಿದ. ನಾನು ಅಲ್ಲಿಂದ ಎದ್ದು ಬಂದೆ. ಮೂರನೆಯ ಅಂಗಡಿಯಲ್ಲಿದ್ದ ಹೆಣ್ಣುಮಗಳು ಕುರ್ಚಿ ಕೊಟ್ಟಳು. “ಕೂತು ಬರೆಯಿರಿ ಮೇಡಂ, ಅವಸರ ಇಲ್ಲ” ಎಂದಳು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ನಾನು ಮಾಡಿದ ಪರೀಕ್ಷೆಗಳನ್ನು ಹೇಳುತ್ತೇನೆ, ಯಾರು ಬೇಕಾದರೂ ಮಾಡಬಹುದು. ಅಂಗೈ ಪೂರ್ತಿ ಊರಿ, ನೋಟ್‌ಪುಸ್ತಕದಲ್ಲಿ ಬರೆಯುವಷ್ಟೇ ಸಣ್ಣ ಅಕ್ಷರದಲ್ಲಿ, ‘ರಾಷ್ಟ್ರ, ಶಾಸ್ತ್ರ, ಲಕ್ಷ್ಮಿ, ಮಾಹಾತ್ಮ್ಯ, ತಾತ್ಪರ್ಯ’ ಎಂದು ಹತ್ತು ಸಾಲು ಬರೆದೆ. ಒತ್ತಿನ ಕೆಳಗಿನ ಒತ್ತು ಬಿಡಿಯಾಗಿ ಕಾಣಬೇಕು, ಅರ್ಕಾವತ್ತಿನ ಬಾಲ ಮುಂದಿನ ಅಕ್ಷರಕ್ಕೆ ಅಂಟಬಾರದು. ಆಮೇಲೆ ಚೀಲದಿಂದ ಸ್ಕೇಲ್ ತೆಗೆದು ಪರದೆಯ ಮೂಲೆಯಿಂದ ಮೂಲೆಗೆ ಬಹಳ ನಿಧಾನವಾಗಿ ಓರೆಗೆರೆ ಎಳೆದೆ. ಕೆಲವು ಪೆನ್‌ಗಳಲ್ಲಿ ಬೇಗ ಎಳೆದ ಗೆರೆ ನೇರವಾಗಿಯೇ ಇರುತ್ತದೆ, ನಿಧಾನಕ್ಕೆ ಎಳೆದದ್ದು ಹಾವಿನಂತೆ ಅಲೆಯಲೆಯಾಗುತ್ತದೆ. ಅಕ್ಷರವನ್ನು ತಿದ್ದಿ ಬರೆಯುವವರ ಕೈಗೆ ಆ ಅಲೆ ಕಾಣದಿರುವುದಿಲ್ಲ. ಕೊನೆಗೆ ಮೊಬೈಲಿನಿಂದ ನನ್ನ ಪಠ್ಯದ ಒಂದು ಪಿಡಿಎಫ್ ಕಳುಹಿಸಿ, ಅದರ ಅಂಚಿನಲ್ಲಿ ಬರೆದೆ.

ಅಲ್ಲಿ ನಿಜವಾದ ಸ್ಪರ್ಧೆ ಇದ್ದದ್ದು ಎರಡರ ನಡುವೆ. ಒಂದು ಆ ವರ್ಷವೇ ಬಂದ ಎ16 ಚಿಪ್ಪಿನ ಐಪ್ಯಾಡ್. ಇನ್ನೊಂದು 2023ರ ಅಕ್ಟೋಬರಿನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್9 ಎಫ್‌ಇ. ಐಪ್ಯಾಡಿನ ಬರವಣಿಗೆ ಬಹಳ ನಯವಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಅದರ ಪರದೆಯ ಆಕಾರವೂ ನಮ್ಮ ಎ4 ಹಾಳೆಯ ಆಕಾರಕ್ಕೆ ಹತ್ತಿರ, ಹಾಗಾಗಿ ಮುದ್ರಿತ ಪಠ್ಯದ ಪುಟ ಅದರಲ್ಲಿ ದೊಡ್ಡದಾಗಿ ಕಾಣುತ್ತದೆ. ಆದರೆ ಆಗ ಐಪ್ಯಾಡಿಗೆ 34,900 ರೂಪಾಯಿ, ಅದಕ್ಕೆ ಹೊಂದುವ ಯುಎಸ್‌ಬಿ-ಸಿ ಪೆನ್ಸಿಲ್‌ಗೆ ಬೇರೆ 7,900 ರೂಪಾಯಿ. ಆ ಪೆನ್ಸಿಲ್‌ಗೆ ಒತ್ತಡದ ಅರಿವು ಇಲ್ಲ, ಒತ್ತಿ ಬರೆದರೂ ಹಗುರಾಗಿ ಬರೆದರೂ ಗೆರೆ ಒಂದೇ ದಪ್ಪ. ಟಿಪ್ಪಣಿಗೆ ಅದೊಂದು ದೊಡ್ಡ ಕೊರತೆಯಲ್ಲ. ನನ್ನನ್ನು ತಡೆದದ್ದು ಚಾರ್ಜ್ ಮತ್ತು ನೀರು. ಪೆನ್ಸಿಲ್ಲಿಗೆ ಕರೆಂಟು ಬೇಕು, ಐಪ್ಯಾಡಿಗೆ ನೀರು ತಡೆಯುವ ಅಧಿಕೃತ ದರ್ಜೆ ಇಲ್ಲ.

ಸ್ಯಾಮ್‌ಸಂಗ್‌ನದಕ್ಕೆ ಎಸ್ ಪೆನ್ ಪೆಟ್ಟಿಗೆಯಲ್ಲೇ ಬರುತ್ತದೆ. ಟ್ಯಾಬ್ಲೆಟ್ಟಿಗೂ ಪೆನ್ನಿಗೂ ಐಪಿ68 ದರ್ಜೆ ಇದೆ, ಎಂದರೆ ಒಂದೂವರೆ ಮೀಟರ್ ಸಿಹಿನೀರಿನಲ್ಲಿ ಅರ್ಧ ತಾಸು ಮುಳುಗಿದರೂ ತಾಳುವಂತೆ ಮಾಡಿದ್ದಾರೆ. ಎಸ್10 ಎಫ್‌ಇ ಎಂಬ ಹೊಸದು ಏಪ್ರಿಲಿನಲ್ಲಷ್ಟೇ ಬಂದಿದ್ದರಿಂದ ಹಳೆಯದರ ಬೆಲೆ ಇಳಿದಿತ್ತು. ನಾನು ಕೊಂಡದ್ದು 128 ಜಿಬಿಯ ವೈಫೈ ಮಾತ್ರದ್ದು. ಸಿಮ್ ಹಾಕುವಂಥದ್ದು ಬೇಕೆನಿಸಲಿಲ್ಲ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗಬೇಕಾದರೆ ಕಾಫಿ ಕಣದ ಆಚೆ ತುದಿಗೆ ಹೋಗಬೇಕು. ಪೆಟ್ಟಿಗೆಯಲ್ಲಿ ಚಾರ್ಜರ್ ಇರುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಚಾರ್ಜರ್, ಪೆನ್ ಕೂರುವ ಗೂಡು ಇರುವ ಹೊದಿಕೆ, ಮರಳುಮರಳಾದ ಮೇಲ್ಮೈಯ ಮ್ಯಾಟ್ ಫಿಲ್ಮ್, 64 ಜಿಬಿ ಮೆಮೊರಿ ಕಾರ್ಡ್, ಇಷ್ಟಕ್ಕೆ ಮತ್ತೆ ನಾಲ್ಕು ಸಾವಿರ ಚಿಲ್ಲರೆ ಆಯಿತು.

ಕಣ್ಣಿಗೆ ತಂಪಾದ, ಕಾಗದದಂಥ ಪರದೆಯ ರಿಮಾರ್ಕಬಲ್ ಬಗೆಯ ಸಾಧನಗಳ ಬಗ್ಗೆಯೂ ಯೋಚಿಸಿದ್ದೆ. ರಾತ್ರಿ ಓದುವವಳಿಗೆ ಅದು ಆಸೆ ಹುಟ್ಟಿಸುವ ವಸ್ತು, ಬ್ಯಾಟರಿಯೂ ವಾರಗಟ್ಟಲೆ ಬರುತ್ತದೆ. ಆದರೆ ಅದರಲ್ಲಿ ಪಾಠದ ವಿಡಿಯೊ ನೋಡಲಾಗುವುದಿಲ್ಲ. ಇನ್ನೊಂದು ಸಾಧನ ಕೊಳ್ಳುವ ಸ್ಥಿತಿ ನಮ್ಮದಲ್ಲ.

ಮೇ ಕೊನೆಯ ವಾರದಲ್ಲೇ ಮಳೆ ಹಿಡಿಯಿತು. ಆ ವರ್ಷ ಮುಂಗಾರು ಬೇಗ ಬಂದಿತ್ತು. ಟ್ಯಾಬ್ಲೆಟ್ಟಿನ ನಿಜವಾದ ಪರೀಕ್ಷೆ ಅಲ್ಲಿಂದ.

ಜುಲೈನಲ್ಲಿ ಒಮ್ಮೆ ಭಾಗಮಂಡಲದ ಕಡೆಯ ರಸ್ತೆಯ ಮೇಲೆ ನೀರು ಬಂದು, ಕಂಬಗಳು ಬಿದ್ದು, ನಾಲ್ಕು ದಿನ ಕರೆಂಟು ಇರಲಿಲ್ಲ. ಟ್ಯಾಬ್ಲೆಟ್ಟಿನ ಬ್ಯಾಟರಿ 8,000 ಎಂಎಎಚ್. ವೈಫೈ ಆರಿಸಿ, ಬೆಳಕನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ, ಕೇವಲ ಬರೆಯುವುದು ಓದುವುದಕ್ಕೆ ಬಳಸಿದರೆ ನನಗೆ ಎಂಟು ಒಂಬತ್ತು ತಾಸು ಬರುತ್ತದೆ. 20,000 ಎಂಎಎಚ್ ಪವರ್ ಬ್ಯಾಂಕಿನಿಂದ ಒಂದೂವರೆ ಸಲ ತುಂಬಿಸಿಕೊಂಡೆ. ನಾಲ್ಕು ದಿನವೂ ಓದು ನಿಲ್ಲಲಿಲ್ಲ. ಪೆನ್ನಿನ ಚಿಂತೆ ಒಂದು ಕ್ಷಣಕ್ಕೂ ಬರಲಿಲ್ಲ. ಮೊಬೈಲು, ಟಾರ್ಚು, ಇನ್ವರ್ಟರ್, ಎಲ್ಲದರ ಚಾರ್ಜಿನ ಗೀಟು ಎಷ್ಟಿದೆ ಎಂದು ನೋಡುತ್ತ ಕೂತ ಮನೆಯಲ್ಲಿ ಗೀಟೇ ಇಲ್ಲದ ಒಂದು ವಸ್ತು ಇದ್ದದ್ದು ಎಂಥ ನೆಮ್ಮದಿ ಎಂದು ಆಗ ತಿಳಿಯಿತು.

ನೀರಿನ ಮಾತು. ನಾನು ಕೂರುವುದು ಜಗಲಿಯಲ್ಲಿ, ಗಾಳಿ ಬಂದರೆ ಇರಚಲು ಹೊಡೆಯುತ್ತದೆ. ಪರದೆಯ ಮೇಲೆ ಹನಿ ಬಿದ್ದಾಗ ಬೆರಳಿನ ಸ್ಪರ್ಶ ದಾರಿ ತಪ್ಪುವುದು ಎಲ್ಲ ಟಚ್ ಪರದೆಗಳ ಸ್ವಭಾವ. ಪೆನ್ ಮಾತ್ರ ಹನಿಯ ಮೇಲೂ ಬರೆಯುತ್ತದೆ, ಯಾಕೆಂದರೆ ಅದು ಬೆರಳಿನಂತೆ ಗಾಜಿನ ಮೇಲಿನ ಸ್ಪರ್ಶವನ್ನು ನೆಚ್ಚಿಕೊಂಡಿಲ್ಲ, ಕೆಳಗಿನ ಹಲಗೆಯ ಜೊತೆ ಮಾತಾಡುತ್ತದೆ. ನಾನು ಟಿಪ್ಪಣಿ ಬರೆಯುವ ಸ್ಯಾಮ್‌ಸಂಗ್ ನೋಟ್ಸ್ ಎಂಬ ಆ್ಯಪ್‌ನಲ್ಲಿ ಬೆರಳಿನಿಂದ ಬರೆಯುವುದನ್ನು ನಿಲ್ಲಿಸುವ ಆಯ್ಕೆ ಇದೆ, ಅದನ್ನು ಹಾಕಿಕೊಂಡರೆ ಹನಿಗಳು ಗೀಟು ಎಳೆಯುವುದಿಲ್ಲ. ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಮಾಡಿ, ನೇರಳೆ ಬಣ್ಣ ಹತ್ತಿದ ಬೆರಳಲ್ಲೇ ಬರೆಯಲು ಕೂತಿದ್ದೆ. ಪೆನ್ನಿಗೂ ಬಣ್ಣ ಹತ್ತಿತು. ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಯಿತು. ಹಾಗೆಂದು ನೀರಿನ ದರ್ಜೆಯನ್ನು ಗ್ಯಾರಂಟಿ ಎಂದು ತಿಳಿಯಬಾರದು. ಚಾರ್ಜ್ ಹಾಕುವ ಕಿಂಡಿ ಪೂರ್ತಿ ಒಣಗದೆ ತಂತಿ ಸಿಕ್ಕಿಸಲೇಬಾರದು. ನಮ್ಮ ಹವೆಯಲ್ಲಿ ನಾನು ಅರ್ಧ ದಿನ ಕಾಯುತ್ತೇನೆ.

ಇನ್ನು ಕನ್ನಡ ಬರವಣಿಗೆ. ಬರಿಯ ಗಾಜಿನ ಮೇಲೆ ಪೆನ್ ಜಾರುತ್ತದೆ. ಇಂಗ್ಲಿಷಿನ ಕಡ್ಡಿಯಂಥ ಅಕ್ಷರಗಳಿಗೆ ಅದು ಅಷ್ಟು ತೊಂದರೆ ಕೊಡಲಿಕ್ಕಿಲ್ಲ. ನಮ್ಮದು ಸುತ್ತು ಅಕ್ಷರ. ‘ಠ’, ‘ಉ’, ‘ಲ’ ಬರೆಯುವಾಗ ಸುತ್ತು ಮುಗಿಯಬೇಕಾದಲ್ಲಿ ನಿಲ್ಲದೆ ಮುಂದಕ್ಕೆ ಹೋಗುತ್ತದೆ, ಮೊದಲ ವಾರ ನನ್ನ ಬರಹ ಎರಡನೆಯ ತರಗತಿಯ ಮಕ್ಕಳದರಂತಿತ್ತು. ಮ್ಯಾಟ್ ಫಿಲ್ಮ್ ಅಂಟಿಸಿದ ಮೇಲೆ ಕಾಗದದಂಥ ಹಿಡಿತ ಬಂತು, ಸುತ್ತುಗಳು ಸರಿಯಾದ ಕಡೆ ಮುಚ್ಚಿದವು. ಅದಕ್ಕೆ ತೆರುವ ಬೆಲೆಯೂ ಇದೆ: ಪರದೆ ತುಸು ಮಂಕಾಗುತ್ತದೆ, ಪೆನ್ನಿನ ಮೊನೆ ಬೇಗ ಸವೆಯುತ್ತದೆ. ಮೊನೆಯನ್ನು ಕಿತ್ತು ಬೇರೆ ಹಾಕಬಹುದು. ಕೊಳ್ಳುವಾಗಲೇ ಒಂದು ಪೊಟ್ಟಣ ಬದಲಿ ಮೊನೆ ತಂದಿಟ್ಟುಕೊಳ್ಳಿ, ಮಳೆಯಲ್ಲಿ ಕೊರಿಯರ್ ಯಾವಾಗ ತಲುಪುತ್ತದೋ ಹೇಳಲಾಗದು.

ಆ್ಯಪ್‌ನಲ್ಲಿ ಸಿದ್ಧವಾಗಿ ಸಿಗುವ ಗೆರೆಹಾಳೆಗಳು ಕನ್ನಡಕ್ಕೆ ಇಕ್ಕಟ್ಟು. ನಮಗೆ ಗೆರೆಯ ಕೆಳಗೆ ಒತ್ತಕ್ಷರಕ್ಕೆ ಜಾಗ ಬೇಕು, ಮೇಲೆ ಗುಡಿಸಿಗೆ ಜಾಗ ಬೇಕು, ನನ್ನಂಥವಳಿಗೆ ಅದರ ಮೇಲೆ ಲಘು ಗುರುಗಳಿಗೂ ಬೇಕು. ಶಾಲೆಯ ಕಂಪ್ಯೂಟರಿನಲ್ಲಿ ನಾನೇ ಒಂದು ಹಾಳೆ ಮಾಡಿಕೊಂಡೆ: ಹನ್ನೆರಡು ಮಿಲಿಮೀಟರಿಗೊಂದು ಕಪ್ಪು ಗೆರೆ, ನಡುವೆ ತೆಳು ಬೂದು ಗೆರೆ. ಪಿಡಿಎಫ್ ಮಾಡಿ ಟ್ಯಾಬ್ಲೆಟ್ಟಿಗೆ ಹಾಕಿ, ಅದರ ಮೇಲೆಯೇ ಬರೆಯುತ್ತೇನೆ. ಪದ್ಯ ಕಪ್ಪಿನಲ್ಲಿ, ಪ್ರಸ್ತಾರ ಕೆಂಪಿನಲ್ಲಿ, ಗಣದ ಗೆರೆ ಹಸಿರಿನಲ್ಲಿ. ಭಾಮಿನಿ ಷಟ್ಪದಿಯ ಮೂರು–ನಾಲ್ಕರ ನಡೆ ಹೀಗೆ ಬಣ್ಣದಲ್ಲಿ ಕಂಡಾಗ ಕಿವಿಗೆ ಕೇಳಿದ್ದು ಕಣ್ಣಿಗೂ ಕಂಡಂತಾಯಿತು. ತಪ್ಪಿದ ಗಣವನ್ನು ಸುತ್ತುಹಾಕಿ ಎತ್ತಿ ಪಕ್ಕಕ್ಕೆ ಸರಿಸಬಹುದು. ಕಾಗದದಲ್ಲಿ ಇದಕ್ಕೆ ಪುಟವನ್ನೇ ಮತ್ತೆ ಬರೆಯುತ್ತಿದ್ದೆ.

ಪ್ರತಿ ಪುಟದ ಹೆಸರನ್ನು ಟೈಪ್ ಮಾಡಿಯೇ ಇಡುತ್ತೇನೆ, ‘ಕಂದ 3’, ‘ಮತ್ತೇಭವಿಕ್ರೀಡಿತ 1’ ಎಂದು. ಹುಡುಕಿದ ಕೂಡಲೇ ಸಿಗುತ್ತದೆ. ಟೈಪ್ ಮಾಡಲೂ ಬೇಸರವಾದರೆ ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನ ಕನ್ನಡ ಕೈಬರಹದ ಚೌಕದಲ್ಲಿ ಪೆನ್ನಿನಿಂದ ಬರೆದರೆ ಅದೇ ಅಚ್ಚಕ್ಷರ ಮಾಡಿಕೊಡುತ್ತದೆ. ಪ್ರತಿ ಶನಿವಾರ ಎಲ್ಲವನ್ನೂ ಪಿಡಿಎಫ್ ಮಾಡಿ ಮೆಮೊರಿ ಕಾರ್ಡಿಗೆ ಹಾಕುತ್ತೇನೆ, ತಿಂಗಳಿಗೊಮ್ಮೆ ಶಾಲೆಯ ಕಂಪ್ಯೂಟರಿಗೆ. ಇಂಟರ್‌ನೆಟ್ಟನ್ನೇ ನಂಬಿ ಕೂರುವುದು ನಮ್ಮ ಊರಿಗೆ ಹೊಂದುವುದಿಲ್ಲ.

ಆಕಾರದ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಇದು ಕೊಳ್ಳುವ ಮೊದಲು ನನಗೆ ಯಾರೂ ಹೇಳಿರಲಿಲ್ಲ. 10.9 ಇಂಚು ಎಂದರೆ ದೊಡ್ಡದೆನಿಸುತ್ತದೆ. ಸ್ಕೇಲಿಟ್ಟು ಅಳೆದರೆ ಪರದೆಯ ಅಗಲ ಸುಮಾರು 147 ಮಿಲಿಮೀಟರ್, ಎ5 ಹಾಳೆಯಷ್ಟೇ. ಉದ್ದ ಮಾತ್ರ ಅದಕ್ಕಿಂತ ಎರಡೂವರೆ ಸೆಂಟಿಮೀಟರ್ ಹೆಚ್ಚು. ಹೊಸ ಟಿಪ್ಪಣಿ ಬರೆಯಲು ಧಾರಾಳ. ಎ4 ಅಳತೆಯ ಮುದ್ರಿತ ಪಠ್ಯವನ್ನು ಓದಲು ಅಕ್ಷರ ಸಣ್ಣದಾಗುತ್ತದೆ. ಅಡ್ಡಲಾಗಿ ಹಿಡಿದು ಅರ್ಧರ್ಧ ಪುಟ ಓದುತ್ತೇನೆ. ದಿನವಿಡೀ ಪಿಡಿಎಫ್ ಓದುವುದೇ ಕೆಲಸವಾಗಿರುವವರು, ಕರೆಂಟಿನ ಚಿಂತೆಯಿಲ್ಲದ ಊರಿನವರು, ಐಪ್ಯಾಡಿನ ಅಗಲಕ್ಕೆ ಹೋಗುವುದೇ ಸರಿ. ತೂಕ 523 ಗ್ರಾಂ, ಹೊದಿಕೆ ಸೇರಿದರೆ ಇನ್ನೂ ಹೆಚ್ಚು. ಕೈಯಲ್ಲಿ ಹಿಡಿದು ಬರೆಯುವ ವಸ್ತುವಲ್ಲ. ನಾನು ಹಳೆಯ ಇಳಿಜಾರು ಮಣೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತೇನೆ, ಅಪ್ಪ ತೋಟದ ಲೆಕ್ಕ ಬರೆಯುತ್ತಿದ್ದ ಮಣೆ ಅದು.

ಮಗಳು ಪಿಯುಸಿ. ಸಂಜೆ ಆರರಿಂದ ಎಂಟರವರೆಗೆ ಟ್ಯಾಬ್ಲೆಟ್ ಅವಳದು. ಜೀವಶಾಸ್ತ್ರದ ಚಿತ್ರಗಳನ್ನು ಪದರ ಪದರವಾಗಿ ಬರೆಯುತ್ತಾಳೆ, ಹೆಸರುಗಳನ್ನು ಬೇರೆ ಬಣ್ಣದಲ್ಲಿ ಬರೆದು ಮುಚ್ಚಿಟ್ಟು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಾಳೆ. “ಅಮ್ಮಾ, ನಿಮ್ಮ ಮೊನೆ ನಾನು ಸವೆಸಿದೆ” ಎಂದು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹಿಂದಿನ ದಿನ ಬಂದು ಹೇಳಿದಳು. ನಾಲ್ಕು ತಿಂಗಳಲ್ಲಿ ಅದು ಎರಡನೆಯ ಮೊನೆ.

ಈಗ ನಮ್ಮ ಸುಗ್ಗಿಯ ಹಬ್ಬ ಪುತ್ತರಿ ಹತ್ತಿರ ಬಂದಿದೆ, ಪರೀಕ್ಷೆಗೆ ಆರು ವಾರ. ಟ್ಯಾಬ್ಲೆಟ್ಟಿನ ಪೆನ್ ಹಗುರ, ಬಾಲ್‌ಪೆನ್ನನ್ನು ಕಾಗದಕ್ಕೆ ಒತ್ತುವಷ್ಟು ಬಲ ಅದಕ್ಕೆ ಬೇಕಿಲ್ಲ. ಇದರಲ್ಲೇ ಬರೆದು ಅಭ್ಯಾಸವಾದ ಕೈ ಪರೀಕ್ಷೆಯ ಕೊಠಡಿಯಲ್ಲಿ ಬೇಗ ದಣಿಯುತ್ತದೆ. ಅಕ್ಟೋಬರಿನಲ್ಲಿ ಒಂದು ಹಳೆಯ ಪ್ರಶ್ನೆಪತ್ರಿಕೆ ಬರೆದು ನೋಡಿದಾಗ ಎರಡನೆಯ ತಾಸಿಗೇ ಹೆಬ್ಬೆರಳು ನೋಯತೊಡಗಿತು. ಹಾಗಾಗಿ ಭಾನುವಾರ ಬೆಳಿಗ್ಗೆ ಟ್ಯಾಬ್ಲೆಟ್ಟನ್ನು ಬೀರುವಿನಲ್ಲಿಟ್ಟು, ಬಿಳಿ ಹಾಳೆಯ ಮೇಲೆ, ಗಡಿಯಾರ ಎದುರಿಗಿಟ್ಟುಕೊಂಡು ಮೂರು ತಾಸು ಬರೆಯುತ್ತಿದ್ದೇನೆ.